ಮೊದಲ ಮಳೆ ಬಂದರೆ ಗಂಟಲು ಕಟ್ಟುವುದು ಯಾಕೆ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ, ಈಗ ಇರುವುದು ಠಾಣೆಯಲ್ಲಿ. ವಯಸ್ಸು 44. ಅಮ್ಮನ ಊರು ಕಾರ್ಕಳದ ಹತ್ತಿರ. ಪ್ರತಿ ವರ್ಷ ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದರೆ ಸಾಕು, ಅಜ್ಜಿ ಮನೆ ಕಣ್ಣೆದುರು ಬರುತ್ತದೆ, ಗಂಟಲು ಕಟ್ಟುತ್ತದೆ. ಅಂಗಳದಲ್ಲಿ ಕೆಂಪು ನೀರು ಹರಿಯುವುದು, ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಾ ಕೂತಿರುವುದು, ಎಲ್ಲ ಕಾಣುತ್ತದೆ. ತಮ್ಮ ನಗುತ್ತಾನೆ. ‘ನಾವು ಊರಿಗೆ ಹೋಗುತ್ತಿದ್ದದ್ದು ಮೇ ರಜೆಗೆ. ಮಳೆಗಾಲದಲ್ಲಿ ನೀನು ಅಲ್ಲಿ ಇದ್ದದ್ದು ಯಾವಾಗ?’ ಅನ್ನುತ್ತಾನೆ. ಯೋಚಿಸಿದರೆ ಅವನ ಮಾತೂ ಸರಿ. ಹಾಗಾದರೆ ನನ್ನ ನೆನಪು ಸುಳ್ಳೇ? ಇನ್ನೊಂದು ವಿಷಯ. ಮಗಳಿಗೆ 9 ವರ್ಷ. ತುಳುವರ ಆಟಿ ತಿಂಗಳಲ್ಲಿ ಪತ್ರೊಡೆ ಮಾಡಿ ಫ್ರೀಜರ್‌ನಲ್ಲಿಟ್ಟು ವರ್ಷವಿಡೀ ಕೊಡುತ್ತೇನೆ. ಅವಳು ಸುಮ್ನೆ ತಿಂದು ಮೊಬೈಲ್ ಹಿಡಿಯುತ್ತಾಳೆ. ಋತುವೇ ಇಲ್ಲದ ಈ ಊರಲ್ಲಿ ಅವಳಿಗೆ ಏನಾದರೂ ನೆನಪು ಉಳಿಯುತ್ತದೆಯೇ? ಆಟಿ ಅಮಾವಾಸ್ಯೆಯ ಕಷಾಯ ಕುಡಿಸಲೇಬೇಕು ಅಂತ ಅತ್ತೆ ಬೇರೆ ಹೇಳುತ್ತಿದ್ದಾರೆ.

ಉತ್ತರ: ತಮ್ಮನ ವಾದದಿಂದಲೇ ಶುರು ಮಾಡೋಣ. ಅದಕ್ಕೆ ಮನಃಶಾಸ್ತ್ರಕ್ಕಿಂತ ಕ್ಯಾಲೆಂಡರೇ ಜಾಸ್ತಿ ಬೇಕು.

ಮಳೆಗಾಲ ಕೇರಳಕ್ಕೆ ಕಾಲಿಡುವುದು ವಾಡಿಕೆಯಂತೆ ಜೂನ್ 1ಕ್ಕೆ. ಮುಂಬಯಿಗೆ ಜೂನ್ 11ಕ್ಕೆ. ಕಾರ್ಕಳ ಈ ಎರಡರ ನಡುವೆ ಬೀಳುತ್ತದೆ. ಅದಕ್ಕೂ ಮೊದಲು, ಮೇ ಕೊನೆಯಲ್ಲೇ, ಸಂಜೆ ಹೊತ್ತಿನ ಗುಡುಗು ಮಳೆ ಒಂದೆರಡಾದರೂ ಕರಾವಳಿಗೆ ಬರುತ್ತದೆ. ನಮ್ಮ ಮುಂಬಯಿ ಶಾಲೆಗಳು ತೆರೆಯುತ್ತಿದ್ದದ್ದು ಜೂನ್ ಎರಡನೇ ವಾರದ ಆಸುಪಾಸಿನಲ್ಲಿ. ನೀವು ಚಿಕ್ಕವರಿದ್ದಾಗ ಕೊಂಕಣ ರೈಲು ಇರಲಿಲ್ಲ. ಮುಂಬಯಿಯಿಂದ ಮಂಗಳೂರಿನವರೆಗೆ ಆ ಹಳಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಹಾಗಾಗಿ ಬಸ್ಸು. ಸೀಟು ಸಿಕ್ಕ ದಿನ ಹೊರಡಬೇಕು, ಪುಸ್ತಕಕ್ಕೆ ಬೈಂಡ್ ಹಾಕಲು ಒಂದೆರಡು ದಿನ ಮೊದಲೇ ಮನೆ ಸೇರಬೇಕು. ಅಂದರೆ ನೀವು ಊರು ಬಿಡುತ್ತಿದ್ದದ್ದು ಹೆಚ್ಚುಕಡಿಮೆ ಜೂನ್ ಮೊದಲ ವಾರದಲ್ಲಿ.

ಈಗ ನೋಡಿ. ಊರಿನ ಮೊದಲ ಮಳೆ ನೀವು ಅಲ್ಲಿರುವಾಗಲೇ ಬಿದ್ದಿದೆ. ಆಮೇಲೆ ನೀವು ಬಸ್ಸು ಹತ್ತಿ ಮಳೆಗಿಂತ ಮುಂಚೆ ಮುಂಬಯಿ ಸೇರಿದ್ದೀರಿ. ವಾರ ಕಳೆಯುವಷ್ಟರಲ್ಲಿ ಅದೇ ಮಳೆ ಹಿಂದಿನಿಂದ ಬಂದು ನಿಮ್ಮ ಬಾಲ್ಕನಿಗೂ ಬಡಿದಿದೆ. ವರ್ಷಕ್ಕೆ ಎರಡು ಮೊದಲ ಮಳೆ! ಊರಲ್ಲೇ ಬೆಳೆದ ನಿಮ್ಮ ಸೋದರಮಾವನ ಮಕ್ಕಳಿಗೆ ಈ ಭಾಗ್ಯ ಇಲ್ಲ.

ಗಂಟಲು ಕಟ್ಟುವ ಕಾರಣವೂ ಇಲ್ಲೇ ಇದೆ ಅಂತ ನನ್ನ ಅನುಮಾನ. ಊರಿನ ಮಕ್ಕಳಿಗೆ ಮೊದಲ ಮಳೆ ಅಂದರೆ ಕುಣಿತ. ನಿಮಗೆ ಅದು ಹೊರಡುವ ಸೂಚನೆ. ಅಂಗಳದ ಮಣ್ಣು ಒದ್ದೆಯಾಯಿತು ಅಂದರೆ ಅಜ್ಜಿ ಹಲಸಿನ ಹಪ್ಪಳದ ಡಬ್ಬ ಕಟ್ಟಲು ಶುರು ಮಾಡಿದರು ಅಂತ ಅರ್ಥ. ಬಾಯಿಗೆ ಬಟ್ಟೆ ಬಿಗಿದ ಉಪ್ಪಿನಕಾಯಿ ಜಾಡಿ, ಅದರ ಪಕ್ಕ ಹಗ್ಗ ಸುತ್ತಿದ ಪೆಟ್ಟಿಗೆ. ಮಳೆ, ಮಣ್ಣಿನ ವಾಸನೆ, ಹೊರಡುವ ಗಡಿಬಿಡಿ, ಅಳು. ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದೆ. ಅಂಥ ಗಂಟು ನಾಲ್ಕೈದು ವರ್ಷ ಸಾಲಾಗಿ ಬಿದ್ದರೆ ಬಿಚ್ಚುವುದು ಕಷ್ಟ. ಹಾಗಾಗಿ ನೀವು ‘ಊರಿನ ಮಳೆಗಾಲ’ ಅಂತ ಕರೆಯುವುದು ಬಹುಶಃ ನಾಲ್ಕು ತಿಂಗಳ ಮಳೆಗಾಲ ಅಲ್ಲ. ನಾಲ್ಕು ದಿನದ್ದು. ಆ ನಾಲ್ಕು ದಿನ ಮಾತ್ರ ಅಪ್ಪಟ ನಿಜ.

ವಾಸನೆಗೇ ಯಾಕೆ ಇಷ್ಟು ಬಲ? ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮಿದುಳಿನ ಮೇಲ್ಪದರ ತಲುಪುವ ಮೊದಲು ಥಾಲಮಸ್ ಅನ್ನುವ ಜಂಕ್ಷನ್ ದಾಟಿ ಹೋಗಬೇಕು. ವಾಸನೆಗೆ ಮಾತ್ರ ಆ ನಿಲುಗಡೆ ಇಲ್ಲ. ಅದು ಭಾವನೆಯನ್ನು ನೋಡಿಕೊಳ್ಳುವ ಅಮಿಗ್ಡಲಾಕ್ಕೆ, ನೆನಪನ್ನು ನೋಡಿಕೊಳ್ಳುವ ಹಿಪ್ಪೊಕ್ಯಾಂಪಸ್‌ಗೆ ಒಂದೆರಡು ಹೆಜ್ಜೆಯಲ್ಲೇ ತಲುಪುತ್ತದೆ. ದಾದರ್‌ನಲ್ಲಿ ನಿಲ್ಲದೆ ಓಡುವ ಫಾಸ್ಟ್ ಗಾಡಿ ಅಂದುಕೊಳ್ಳಿ, ಅಂಥ ಗಾಡಿ ನಿಜಕ್ಕೂ ಇಲ್ಲದಿದ್ದರೂ. ಆದ್ದರಿಂದಲೇ ಮೊದಲು ಗಂಟಲು ಕಟ್ಟುತ್ತದೆ, ‘ಯಾಕೆ’ ಅನ್ನುವ ಯೋಚನೆ ಆಮೇಲೆ ಬರುತ್ತದೆ. ಸ್ವೀಡನ್‌ನ ಸಂಶೋಧಕರು 2006ರಲ್ಲಿ ಇನ್ನೊಂದು ವಿಷಯ ತೋರಿಸಿದರು. ವಯಸ್ಸಾದವರಿಗೆ ಒಂದು ಮಾತೋ ಚಿತ್ರವೋ ಕೊಟ್ಟರೆ ಏಳುವ ನೆನಪುಗಳು ಹೆಚ್ಚಾಗಿ ಹದಿಹರೆಯದ ಆಸುಪಾಸಿನವು. ವಾಸನೆ ಕೊಟ್ಟರೆ ಏಳುವವು 10 ವರ್ಷದೊಳಗಿನವು. ನಿಮ್ಮ ಮಗಳಿಗೆ 9 ಅಂದಿರಿ ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

ಮಣ್ಣಿನ ವಾಸನೆಯನ್ನು ಬಾಟಲಿಯಲ್ಲೂ ಹಿಡಿಯುತ್ತಾರೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಸುಟ್ಟ ಮಣ್ಣಿನಿಂದ ಮಿಟ್ಟಿ ಅತ್ತರ್ ಭಟ್ಟಿ ಇಳಿಸುವುದು ಹಳೇ ಕಸುಬು. ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಅನ್ನುವ ವಸ್ತು ಮಳೆ ವಾಸನೆಯ ದೊಡ್ಡ ಪಾಲು. ಈ ವಾಸನೆಗೆ ಪೆಟ್ರಿಕೋರ್ ಅಂತ ಹೆಸರಿಟ್ಟದ್ದು ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, 1964ರಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಜನವರಿಯಲ್ಲಿ ಆ ಅತ್ತರ್ ತಂದುಕೊಟ್ಟ. ಮುಚ್ಚಳ ತೆಗೆದೆ. ವಾಸನೆ ಥೇಟ್ ಅದೇ. ಆದರೆ ನನಗೆ ಏನೂ ಆಗಲಿಲ್ಲ. ಮೇ ತಿಂಗಳ ಸೆಖೆ ಇಲ್ಲ, ಆಕಾಶ ಕಪ್ಪಾಗಿಲ್ಲ, ಒಣಗಲು ಹಾಕಿದ ಬಟ್ಟೆ ಎತ್ತಲು ಯಾರೂ ಓಡುತ್ತಿಲ್ಲ. ಬರೀ ವಾಸನೆ ಸಾಲದು, ಅದರ ಸುತ್ತಲಿನದೆಲ್ಲ ಬೇಕು. 1975ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕರು ಸ್ಕಾಟ್ಲೆಂಡ್‌ನಲ್ಲಿ ಮುಳುಗುಗಾರರಿಗೆ ನೀರಿನೊಳಗೆ ಪದಗಳ ಪಟ್ಟಿ ಕಲಿಸಿದರು. ಆ ಪದಗಳು ದಡದಲ್ಲಿ ಕೇಳಿದಾಗಿನದಕ್ಕಿಂತ ನೀರಿನೊಳಗೇ ಕೇಳಿದಾಗ ಜಾಸ್ತಿ ನೆನಪಾದವು. ಋತು ಅಂದರೆ ಅಂಥದ್ದೇ ಒಂದು ನೀರು. ವರ್ಷಕ್ಕೊಮ್ಮೆ ನಾವು ಮತ್ತೆ ಅದರಲ್ಲಿ ಮುಳುಗುತ್ತೇವೆ.

ಈಗ ಪತ್ರೊಡೆ. ಇಲ್ಲಿ ನಾನು ತಮ್ಮನ ಪಕ್ಷ. ಕೆಸು ಚಿಗುರುವುದು ಮಳೆ ಬಿದ್ದ ಮೇಲೆ. ಬಚ್ಚಲ ನೀರು ಹೋಗುವ ಕಡೆ ಬೆಳೆದ ನಾಲ್ಕು ಬುಡ ಬಿಟ್ಟರೆ ಜೂನ್ ಮೊದಲ ವಾರದಲ್ಲಿ ಅಂಗೈಯಗಲದ ಎಲೆ ಸಿಕ್ಕರೆ ಪುಣ್ಯ. ಮನೆಮಂದಿಗೆಲ್ಲ ಸುತ್ತುವಷ್ಟು ಎಲೆ ಆಗುವುದು ಆಟಿಯಲ್ಲಿ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಆಗ ನೀವು ಮುಂಬಯಿಯಲ್ಲಿ ಯೂನಿಟ್ ಟೆಸ್ಟ್ ಬರೆಯುತ್ತಿದ್ದಿರಿ. ಹಾಗಾದರೆ ಅಜ್ಜಿ ಎಲೆ ಸುತ್ತುವ ಚಿತ್ರ ಎಲ್ಲಿಂದ ಬಂತು? ನನ್ನ ಊಹೆ ಇಷ್ಟು. ಸುತ್ತಿದ್ದು ನಿಮ್ಮ ಅಮ್ಮ, ಮುಂಬಯಿಯ ಅಡುಗೆಮನೆಯಲ್ಲಿ. ಸುತ್ತುವಾಗ ಅವರು ತಮ್ಮ ಅಮ್ಮನ ಕಥೆ ಹೇಳುತ್ತಿದ್ದರು. ‘ನಮ್ಮ ಅಂಗಳದಲ್ಲಿ ಹೀಗೆ ನೀರು ಹರಿಯುತ್ತಿತ್ತು, ನಿನ್ನ ಅಜ್ಜಿ ಹೀಗೆ ಚಕ್ಕಳಮಕ್ಕಳ ಕೂತು...’ ನಿಮ್ಮ ಕಣ್ಣು ಕಂಡದ್ದು ಅಮ್ಮನ ಕೈ, ಕಿವಿ ಕೇಳಿದ್ದು ಅಜ್ಜಿಯ ಅಂಗಳ. ಮೂವತ್ತು ವರ್ಷದಲ್ಲಿ ಎರಡೂ ಒಂದಾಗಿವೆ.

ಇದಕ್ಕೆ ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಯಾಕೆಂದರೆ ನಾನೂ ಇದೇ ಗಿರಾಕಿ. ಮುಂಬಯಿಯ ಕಾಲೇಜೊಂದರಲ್ಲಿ ವರ್ಷಾನುಗಟ್ಟಲೆ ಮನಃಶಾಸ್ತ್ರ ಕಲಿಸಿದವಳು ನಾನು. 2005ರ ಜುಲೈ 26ರ ಪ್ರಳಯದ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಕುರ್ಲಾದಿಂದ ಮುಲುಂಡ್‌ವರೆಗೆ ರಾತ್ರಿಯಿಡೀ ಎದೆಮಟ್ಟದ ನೀರಲ್ಲಿ ನಡೆದೆ, ಚಪ್ಪಲಿ ಹೋಯಿತು, ಯಾರೋ ಹಗ್ಗ ಕಟ್ಟಿ ದಾಟಿಸಿದರು ಅಂತ. ಕೆಲವು ವರ್ಷಗಳ ಹಿಂದೆ ಕಪಾಟು ತೆರವು ಮಾಡುವಾಗ ಆ ವರ್ಷದ ಡೈರಿ ಸಿಕ್ಕಿತು. ನನ್ನದೇ ಅಕ್ಷರ. ‘ರಾತ್ರಿ ಸ್ಟಾಫ್ ರೂಮಿನಲ್ಲೇ. ಗ್ಲೂಕೋಸ್ ಬಿಸ್ಕತ್ತು. ಮಾರನೇ ದಿನ ಮಧ್ಯಾಹ್ನ ನಡೆದು ಮನೆಗೆ. ನೀರು ಇಳಿದಿತ್ತು.’ ಹಗ್ಗ ಹಿಡಿದು ದಾಟಿದ್ದು ನಮ್ಮ ಕೆಳಗಿನ ಮನೆಯವರು. ಕರೆಂಟ್ ಇಲ್ಲದ ಆ ರಾತ್ರಿಗಳಲ್ಲಿ ಟೆರೇಸಿನ ಮೇಲೆ ಕೂತು ಅವರು ಹೇಳಿದ ಕಥೆ ಯಾವಾಗ ನನ್ನದಾಯಿತೋ ನನಗೇ ಗೊತ್ತಿಲ್ಲ. ಚಪ್ಪಲಿ ಮಾತ್ರ ನಿಜವಾಗಿ ನನ್ನದೇ. ನನ್ನ ಗಂಡ ಇವತ್ತಿಗೂ ಮದುವೆ ಮನೆಗಳಲ್ಲಿ ‘ಆ ಹಗ್ಗದ ಕಥೆ ಹೇಳೇ’ ಅಂತ ಕಾಲೆಳೆಯುತ್ತಾರೆ.

ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ. ಅದೇ ಊರಿನ ಕೊಲಾಬಾದಲ್ಲಿ 100 ಮಿಲಿಮೀಟರ್ ಕೂಡ ಆಗಲಿಲ್ಲ. ಒಂದೇ ಊರು, ಒಂದೇ ದಿನ, ಎರಡು ಮಳೆ. ಒಂದೇ ಮನೆಯ ಅಕ್ಕ ತಮ್ಮನ ನೆನಪಲ್ಲಿ ಎರಡು ಅಜ್ಜಿ ಮನೆ ಇದ್ದರೆ ಏನು ಆಶ್ಚರ್ಯ? ಅಮೆರಿಕದ ಚಾಲೆಂಜರ್ ನೌಕೆ 1986ರಲ್ಲಿ ಸಿಡಿದ ಮಾರನೇ ದಿನ ಉಲ್ರಿಕ್ ನೈಸರ್ ಅನ್ನುವ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ’ ಅಂತ ಬರೆಸಿಕೊಂಡರು. ಎರಡೂವರೆ ವರ್ಷ ಬಿಟ್ಟು ಅವರಲ್ಲಿ ಕೆಲವರನ್ನು ಮತ್ತೆ ಕೇಳಿದರು. ಬಹಳ ಜನ ಬೇರೆಯೇ ಕಥೆ ಹೇಳಿದರು, ಅದೂ ಅಷ್ಟೇ ಗಟ್ಟಿಯಾಗಿ. ನೆನಪು ಎಷ್ಟು ಸ್ಪಷ್ಟವಾಗಿದೆ ಅನ್ನುವುದಕ್ಕೂ ಅದು ಎಷ್ಟು ನಿಜ ಅನ್ನುವುದಕ್ಕೂ ನಂಟು ಕಡಿಮೆ. ಮನೆತನದ ನೆನಪು ಅನ್ನುವುದು ಹೆಚ್ಚಾಗಿ ಹೀಗೆ ಸಾಲ ತಂದದ್ದೇ. ನಿಮ್ಮ ಅಮ್ಮ ತಮ್ಮ ಅಂಗಳವನ್ನು ನಿಮಗೆ ದಾಟಿಸಿದ್ದಾರೆ. ಅದು ಎಷ್ಟು ಚೆನ್ನಾಗಿ ದಾಟಿದೆ ಅಂದರೆ ನೀವು ಅಲ್ಲಿ ಇದ್ದಿರಿ ಅಂತ ನಂಬಿದ್ದೀರಿ.

ಹಾಗಾದರೆ ಮಗಳಿಗೆ ಯಾಕೆ ದಾಟುತ್ತಿಲ್ಲ? ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕು. ಕಾರಣ ಫ್ರೀಜರ್.

ಚಾಳಿನ ಮನೆಗಳಲ್ಲಿ ಬಾಗಿಲ ಹಿಂದೆ ಒಂದು ಮೊಳೆ ಇರುತ್ತದೆ ನೋಡಿ. ಅದಕ್ಕೆ ಒಂದು ಅಂಗಿ ತೂಗುಹಾಕಿದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ. ಅದೇ ಮೊಳೆಗೆ ಹತ್ತು ಅಂಗಿ, ಎರಡು ಚೀಲ, ಒಂದು ಕೊಡೆ ಹಾಕಿ. ಬೇಕಾದದ್ದು ಸಿಗುವುದಿಲ್ಲ. ನೆನಪಿನ ಸುಳಿವೂ ಹಾಗೆಯೇ. ಒಂದು ರುಚಿಗೆ ಒಂದು ಕಾಲ ಮಾತ್ರ ತೂಗುಬಿದ್ದಿದ್ದರೆ, ಆ ರುಚಿ ನಾಲಿಗೆಗೆ ಬಿದ್ದ ಕೂಡಲೇ ಆ ಕಾಲ ಎದ್ದು ಬರುತ್ತದೆ. ಪತ್ರೊಡೆಯನ್ನು ಫೆಬ್ರವರಿಯ ಮಂಗಳವಾರ, ಪರೀಕ್ಷೆಯ ಹಿಂದಿನ ರಾತ್ರಿ, ನಿಮಗೆ ಅಡುಗೆ ಮಾಡಲು ಬೇಜಾರಾದ ದಿನ, ಹೀಗೆ ಎಲ್ಲದಕ್ಕೂ ತೂಗುಹಾಕಿದರೆ ಅದು ಬರೀ ತಿಂಡಿ. ಅಲ್ಲದೆ ನಿಮ್ಮ ಮಗಳು ನೋಡುವುದು ಮೈಕ್ರೋವೇವ್‌ನಿಂದ ಹೊರಬರುವ ತಟ್ಟೆಯನ್ನು. ಎಲೆಯನ್ನೂ ಅಲ್ಲ, ನಿಮ್ಮ ಕೈಯನ್ನೂ ಅಲ್ಲ. ಋತುವಿನ ನೆನಪು ಉಳಿಯುವುದು ಋತು ಬಂದದ್ದಕ್ಕಲ್ಲ. ಅದು ಹೋಗಿ, ಹನ್ನೊಂದು ತಿಂಗಳು ಸಿಗದೆ, ಮತ್ತೆ ಬಂದದ್ದಕ್ಕೆ. ಫ್ರೀಜರ್ ಕದ್ದದ್ದು ಆ ಹನ್ನೊಂದು ತಿಂಗಳನ್ನು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬರಿದ್ದಾರೆ. ಆಟಿಯಲ್ಲಿ ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ಪತ್ರೊಡೆ. ಗದಗದ ಕಡೆಯವಳಾದ ನನಗೆ ಅದು ಹೊಸದು, ಆದ್ದರಿಂದ ಮಕ್ಕಳ ಸಾಲಲ್ಲಿ ಕೂತು ನೋಡುತ್ತೇನೆ. ನೆನೆಸಿದ ಅಕ್ಕಿ, ಕೊತ್ತಂಬರಿ, ಒಣಮೆಣಸು, ಕಾಯಿ, ಬೆಲ್ಲ, ಮತ್ತು ಧಾರಾಳ ಹುಣಸೆ. ಹುಣಸೆ ರುಚಿಗಷ್ಟೇ ಅಲ್ಲ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅದರಿಂದ, ಹುಳಿ ಅದನ್ನು ತಗ್ಗಿಸುತ್ತದೆ. ಅವರ ಮೊಮ್ಮಗನಿಗೆ ಆರು ವರ್ಷ. ಅವನ ಕೆಲಸ ಎಲೆಯ ಬೆನ್ನಿನ ದಪ್ಪ ನರವನ್ನು ಚಮಚದ ಅಂಚಿನಿಂದ ಹೆರೆಯುವುದು. ಎಲೆ ಹರಿದರೆ ಅಜ್ಜಿ ಬೈಯುವುದಿಲ್ಲ, ಹರಿದ ಎಲೆಯನ್ನು ಒಳಗೆ ಹಾಕಿ ಮೇಲೆ ಇನ್ನೊಂದು ಮುಚ್ಚುತ್ತಾರೆ. ಒಂದು ಎಲೆ ಈ ಕಡೆ ತಲೆ, ಮುಂದಿನದು ಆ ಕಡೆ ತಲೆ. ನಾಲ್ಕೈದು ಪದರ. ಆಮೇಲೆ ಎರಡು ಪಕ್ಕ ಮಡಚಿ ಹಾಸಿಗೆ ಸುತ್ತಿದ ಹಾಗೆ ಸುತ್ತುವುದು. ಸುತ್ತುವಾಗ ಹಿಟ್ಟು ಅಂಚಿನಿಂದ ಉಕ್ಕಿ ಬರುತ್ತದೆ. ಆ ಹುಡುಗ ಅದನ್ನು ಬೆರಳಲ್ಲಿ ತೆಗೆದು ನೆಕ್ಕಿ, ಹಸಿ ಹಿಟ್ಟು ಗಂಟಲು ತುರಿಸಿ, ಅರ್ಧ ಗಂಟೆ ಕುಣಿಯುತ್ತಾನೆ. ಪ್ರತಿ ವರ್ಷ ನೆಕ್ಕುತ್ತಾನೆ. ಪ್ರತಿ ವರ್ಷ ಕುಣಿಯುತ್ತಾನೆ. ಅವನಿಗೆ ಅರವತ್ತಾದಾಗ ಈ ತುರಿಕೆ ನೆನಪಿರುತ್ತದೆ ಅಂತ ನಾನು ಪಂತ ಕಟ್ಟುತ್ತೇನೆ. ರುಚಿ ನೆನಪಿರುತ್ತದೋ ಇಲ್ಲವೋ.

ಇನ್ನೊಂದು ಗಮನಿಸಿದೆ. ಆ ಅಜ್ಜಿ ಸುಮ್ಮನೆ ಕಥೆ ಹೇಳುವುದಿಲ್ಲ, ಕೇಳುತ್ತಾರೆ. ‘ಹೋದ ವರ್ಷ ಯಾರು ಬಂದಿದ್ದರು? ಕರೆಂಟ್ ಹೋದಾಗ ನೀನು ಎಲ್ಲಿ ಅಡಗಿದ್ದೆ?’ ಅವನು ತಪ್ಪು ಹೇಳಿದರೂ ಅದನ್ನೇ ಹಿಡಿದು ಮುಂದೆ ಎಳೆಯುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ರಾಬಿನ್ ಫೈವುಶ್ ವರ್ಷಾನುಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಕಳೆದದ್ದರ ಬಗ್ಗೆ ಮಕ್ಕಳ ಹತ್ತಿರ ಬಿಡಿಸಿ ಬಿಡಿಸಿ ಮಾತಾಡುವ, ಅವರಿಂದಲೂ ಮಾತು ಹೊರಡಿಸುವ ತಾಯಂದಿರ ಮಕ್ಕಳಿಗೆ ತಮ್ಮ ಬಾಲ್ಯ ಹೆಚ್ಚು ತುಂಬಿಕೊಂಡು ನೆನಪಿರುತ್ತದೆ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅನ್ನುವ ಭಾಷಣ ಆ ಲೆಕ್ಕಕ್ಕೆ ಬರುವುದಿಲ್ಲ.

‘ಋತುವೇ ಇಲ್ಲದ ಊರು’ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮುಂಬಯಿಯ ಋತುಗಳು ಮರಗಳ ಮೇಲೆ ಕಾಣುವುದಕ್ಕಿಂತ ಕೈಯಲ್ಲಿ, ಕಿವಿಯಲ್ಲಿ ಜಾಸ್ತಿ ಸಿಗುತ್ತವೆ. ಮೇ ಕೊನೆಗೆ ಮನೆ ಮಾಡುಗಳ ಮೇಲೆ ನೀಲಿ ತಾಡಪತ್ರಿ ಏರುತ್ತದೆ. ರೇನ್‌ಕೋಟಿನ ಹೊಸ ರಬ್ಬರ್ ವಾಸನೆ ಇಲ್ಲದೆ ಇಲ್ಲಿ ಶಾಲೆ ಶುರುವಾಗುವುದುಂಟೇ? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ತಿನ್ನುವ ಮನೆಗಳಲ್ಲಿ ಒಣಮೀನಿನ ಡಬ್ಬ ಕೆಳಗಿಳಿಯುವುದು ಆಗ. ಶ್ರಾವಣದ ಹುಣ್ಣಿಮೆಗೆ ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಕಡಲಿಗೆ ತೆಂಗಿನಕಾಯಿ ಒಪ್ಪಿಸುತ್ತಾರೆ, ಅದೇ ನಾರಳಿ ಪೂರ್ಣಿಮೆ. ಆಮೇಲೆ ಢೋಲು, ಗಣಪತಿ. ಅದು ಮುಗಿದರೆ ಅಕ್ಟೋಬರಿನ ಸುಡುವ ಸೆಖೆ, ಅದಕ್ಕೆ ಇಲ್ಲಿ ಹೆಸರೇ ಬೇರೆ ಇದೆ, ‘ಅಕ್ಟೋಬರ್ ಹೀಟ್’. ದೀಪಾವಳಿಯ ಕಂದೀಲು. ಚಳಿ ಅಂತ ಹೇಳಿಕೊಳ್ಳುವ ಹತ್ತು ದಿನ. ನಿಮ್ಮ ಮಗಳು ಇದರೊಳಗೇ ಬೆಳೆಯುತ್ತಿದ್ದಾಳೆ. ಅವಳಿಗೆ ಕಾರ್ಕಳದ ಅಂಗಳ ಬರಲಿಲ್ಲ ಅಂತ ನೀವು ದುಃಖಪಡುತ್ತಾ ಕೂತರೆ ಠಾಣೆಯ ಮಳೆ ಕೈತಪ್ಪುತ್ತದೆ.

ಸಂಪ್ರದಾಯ ಊರು ಬದಲಿಸಿದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಉದಾಹರಣೆ. ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಮಿರಗದ (ಮೃಗಶಿರಾ) ಮಳೆಗೆ ಬಿತ್ತನೆ ಆಗಿರುತ್ತದೆ, ಕೈಗೆ ಸ್ವಲ್ಪ ಬಿಡುವು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು, ಮತ್ತು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. ಅಪ್ಪನಿಗೆ ಮುಂಬಯಿಯಲ್ಲಿ ಕೆಲಸವಾಯಿತು. ಇಲ್ಲಿ ಬಿತ್ತನೆ ಇಲ್ಲ, ಮರ ಇಲ್ಲ, ತವರು ಒಂದು ರಾತ್ರಿಯ ರೈಲು ದೂರ. ನಮ್ಮ ಎದುರು ಮನೆ ಗುಜರಾತಿಗಳದ್ದು. ಅವರ ಹಾಲಿನಲ್ಲಿ ಹಿತ್ತಾಳೆ ಸರಪಳಿಯ ದೊಡ್ಡ ಉಯ್ಯಾಲೆ. ಪಂಚಮಿಯ ದಿನ ಅವ್ವ ಒಂದು ಡಬ್ಬ ಉಂಡಿ ಹಿಡಿದು, ನಮ್ಮಿಬ್ಬರನ್ನು ಕರೆದುಕೊಂಡು ಅವರ ಬಾಗಿಲು ತಟ್ಟುತ್ತಿದ್ದಳು. ‘ಆಜ್ ಝೂಲಾ’ ಅಂತ ಅವಳ ಹಿಂದಿ. ಆ ಮನೆಯ ಅಜ್ಜಿ ನಮ್ಮನ್ನು ಕೂರಿಸಿ ತೂಗುತ್ತಿದ್ದರು, ಅವ್ವ ಪಕ್ಕದಲ್ಲಿ ನಿಂತು ಪಂಚಮಿ ಹಾಡು ಹೇಳುತ್ತಿದ್ದಳು, ಒಳಗಿನಿಂದ ಸಿಹಿ ದಾಲಿನ ಒಗ್ಗರಣೆ ಘಮ. ನನ್ನ ತಂಗಿಗೆ ಇವತ್ತಿಗೂ ಪಂಚಮಿ ಅಂದರೆ ಗುಜರಾತಿ ದಾಲಿನ ವಾಸನೆ. ಗದಗದ ಅಜ್ಜಿ ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆದರೆ ವರ್ಷಕ್ಕೆ ಒಂದೇ ದಿನ ಸಿಗುತ್ತಿದ್ದ ಆ ಉಯ್ಯಾಲೆ ಬೇವಿನ ಮರದಷ್ಟೇ ಗಟ್ಟಿಯಾಗಿ ನಮ್ಮನ್ನು ಹಿಡಿದಿದೆ.

ಆಟಿಯೂ ಶುರುವಿನಲ್ಲಿ ಸಂಭ್ರಮವಾಗಿರಲಿಲ್ಲ ಅನ್ನುವುದು ನೆನಪಿರಲಿ. ಹಳೇ ಅಕ್ಕಿ ತಳ ಕಾಣುವ ತಿಂಗಳು ಅದು. ಹೊರಗೆ ಕೆಲಸಕ್ಕೆ ಹೋಗದಂಥ ಮಳೆ. ಹಿತ್ತಿಲಲ್ಲಿ ಸಿಕ್ಕಿದ್ದನ್ನು ತಿನ್ನಬೇಕು. ಕೆಸು, ತಜಂಕ್ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು. ಇಲ್ಲದವರ ಊಟ ಇವತ್ತು ತುಳು ಸಂಘಗಳ ‘ಆಟಿಡೊಂಜಿ ದಿನ’ದಲ್ಲಿ (ಆಟಿಯಲ್ಲೊಂದು ದಿನ) ಬಫೆ ಆಗಿದೆ. ಅದರಲ್ಲಿ ತಪ್ಪೇನಿಲ್ಲ. ಕಾರಣ ಹೋದ ಮೇಲೂ ರುಚಿ ಉಳಿಯುತ್ತದೆ. ಆದರೆ ಮಗಳಿಗೆ ಆ ಕಾರಣವನ್ನೂ ಹೇಳಿ. ಹಸಿವಿನ ಕಥೆ ಮಕ್ಕಳಿಗೆ ಚೆನ್ನಾಗಿ ಅಂಟುತ್ತದೆ.

ಹಬ್ಬ ಮತ್ತು ಹವಾಮಾನ ಜೊತೆಯಾಗಿ ಉಳಿದಿರುವುದಕ್ಕೆ ಪಂಚಾಂಗದ ಒಂದು ಉಪಾಯ ಕಾರಣ. ಚಾಂದ್ರ ವರ್ಷ ಸುಮಾರು 354 ದಿನ, ಸೌರ ವರ್ಷ 365. ವರ್ಷಕ್ಕೆ 11 ದಿನ ಹಿಂದೆ ಬೀಳುತ್ತದೆ. ಹಾಗಾಗಿ ಮೂರು ವರ್ಷದೊಳಗೆ ಒಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಶ್ರಾವಣವೇ ಎರಡಿತ್ತು. ತುಳುವರ ಆಟಿ ಸೌರಮಾನ, ಅದು ಜಾಗ ಬಿಟ್ಟು ಕದಲುವುದೇ ಇಲ್ಲ. ಇಸ್ಲಾಮಿ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಇಲ್ಲ. ಅಲ್ಲಿ ರಂಜಾನ್ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಒಂದು ಸುತ್ತು ಹಾಕುತ್ತದೆ. ನನ್ನ ಬ್ಯಾರಿ ವಿದ್ಯಾರ್ಥಿನಿಯೊಬ್ಬಳನ್ನು ಒಮ್ಮೆ ಕೇಳಿದ್ದೆ, ರಂಜಾನ್ ಅಂದರೆ ನಿನಗೆ ಯಾವ ಕಾಲ ನೆನಪಾಗುತ್ತದೆ ಅಂತ. ‘ಕಾಲ ಅಲ್ಲ ಮೇಡಂ, ಹೊತ್ತು’ ಅಂದಳು. ಸೂರ್ಯ ಮುಳುಗುವ ಮೊದಲಿನ ಹತ್ತು ನಿಮಿಷ, ತಟ್ಟೆಯಲ್ಲಿ ಕತ್ತರಿಸಿಟ್ಟ ಹಣ್ಣು, ಯಾರೂ ಮುಟ್ಟದ ನೀರಿನ ಲೋಟ. ಅವಳ ಮೊಳೆ ಋತುವಿನ ಮೇಲಿಲ್ಲ, ಸಂಜೆಯ ಮೇಲಿದೆ. ಎಷ್ಟು ಚೆಂದದ ಉತ್ತರ!

ಈಗ ಋತುವೇ ಅಳುಕುತ್ತಿದೆ ಅನ್ನುವುದೂ ನಿಜ. 2023ರಲ್ಲಿ ಮಳೆಗಾಲ ಮುಂಬಯಿ ತಲುಪಿದ್ದು ಜೂನ್ 25ಕ್ಕೆ. 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಎರಡು ವರ್ಷದಲ್ಲಿ ಒಂದು ತಿಂಗಳ ವ್ಯತ್ಯಾಸ. ಹಾಗಾಗಿ ದಿನಾಂಕಕ್ಕೆ ಗಂಟು ಹಾಕಬೇಡಿ, ಮಳೆಗೇ ಗಂಟು ಹಾಕಿ. ‘ಮೊದಲ ದೊಡ್ಡ ಮಳೆ ಬಂದ ಸಂಜೆ ನಮ್ಮ ಮನೆಯಲ್ಲಿ ಇದು’ ಅಂತ ಒಂದು ಇರಲಿ. ಏನಾದರೂ ಸರಿ. ಊರಿಂದ ಬಂದ ಹಲಸಿನ ಹಪ್ಪಳದ ಕೊನೆಯ ಕಟ್ಟು ಅವತ್ತೇ ಒಡೆಯುವುದು ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಮುಟ್ಟಬಾರದು. ಒಂದು ಕಾಲಕ್ಕೆ ಒಂದೇ ಸಾಕು. ಎಲ್ಲ ಹಬ್ಬದ ಎಲ್ಲ ತಿಂಡಿ ಮಾಡಲು ಹೋಗಿ ನೀವು ಸಿಡುಕಿದರೆ, ಮಗಳಿಗೆ ನೆನಪು ಉಳಿಯುವುದು ಆ ಸಿಡುಕು.

ಕಷಾಯದ ವಿಷಯದಲ್ಲಿ ಅತ್ತೆಯ ಎದುರು ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಿ. ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವ ಹಾಲೆಮರದ ತೊಗಟೆ ಅದು. ಊರಲ್ಲಿ ಮರ ಗೊತ್ತಿದ್ದವರು ತರುತ್ತಿದ್ದರು. ಕತ್ತಲಲ್ಲಿ, ಗೊತ್ತಿಲ್ಲದವರು ಹೋದರೆ ಬೇರೆ ಮರದ ತೊಗಟೆ ಬಂದುಬಿಡಬಹುದು. ಕಾಸರ್ಕದ್ದಾದರೆ ಅದು ಕಡು ವಿಷ. ಠಾಣೆಯ ರಸ್ತೆ ಬದಿಯಿಂದ ಕೆತ್ತಿ ತಂದು 9 ವರ್ಷದ ಮಗುವಿಗೆ ಕುಡಿಸುವ ಸಾಹಸ ಬೇಡ. ಕಷಾಯದ ಮೇಲೆ ಕೊಡುವ ಮೆಂತೆ ಗಂಜಿ ಇದೆಯಲ್ಲ, ಅದನ್ನು ಮಾಡಿ. ಅದೂ ಸಾಕಷ್ಟು ಕಹಿ.

ಹಾಲೆಮರ ಬೇಕೇ ಬೇಕು ಅಂದರೆ ಅಕ್ಟೋಬರ್ ಕಳೆಯುವವರೆಗೆ ಕಾಯಿರಿ. ಮರಾಠಿಯಲ್ಲಿ ಇದೇ ಮರಕ್ಕೆ ಸಾತವೀಣ್ ಅನ್ನುತ್ತಾರೆ, ಮುಂಬಯಿ, ಪುಣೆಯ ರಸ್ತೆಗಳ ಬದಿಯಲ್ಲಿ ಧಾರಾಳವಾಗಿ ನೆಟ್ಟಿದ್ದಾರೆ. ದೀಪಾವಳಿಯ ಆಸುಪಾಸಿಗೆ ಅದು ಹೂ ಬಿಡುತ್ತದೆ. ರಾತ್ರಿ ಹೊತ್ತು ತಲೆ ಸುತ್ತುವಷ್ಟು ಘಾಟು ಘಮ. ಕೆಲವರಿಗೆ ತಲೆನೋವು, ನನಗೆ ಇಷ್ಟ. ಮಗಳನ್ನು ಕರೆದುಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸಿ. ‘ನಿನ್ನ ಅಜ್ಜಿಗೆ ಈ ಮರ ಅಂದರೆ ಕಹಿ’ ಅಂತ ಹೇಳಿ. ಅವಳಿಗೆ ಇದು ಕಂದೀಲಿನ ವಾಸನೆಯಾಗಿ ಉಳಿಯಬಹುದು. ಉಳಿಯಲಿ ಬಿಡಿ.

ಪತ್ರೊಡೆಗೆ ಎಲೆ ತರಲು ಮಾಟುಂಗಾ ಮಾರ್ಕೆಟ್ಟಿಗೆ ಅವಳನ್ನೂ ಕರೆದುಕೊಂಡು ಹೋಗಿ. ದಂಟು ಕಪ್ಪಗಿರುವುದನ್ನು ಆರಿಸಲು ಕಲಿಸಿ, ತುರಿಕೆ ಕಡಿಮೆ. ಮರಾಠಿ ಹೆಂಗಸರೂ ಅಳೂವಡಿಗೆ ಅದನ್ನೇ ಹುಡುಕುತ್ತಿರುತ್ತಾರೆ, ಗುಜರಾತಿಗಳು ಪಾತ್ರಾಕ್ಕೆ. ಸ್ವಲ್ಪ ನೂಕುನುಗ್ಗಲು ಆದೀತು. ನರ ಹೆರೆಯುವ ಕೆಲಸ ಅವಳಿಗೇ ಕೊಡಿ. ಆ ಒಂದು ಗಂಟೆ ಅವಳ ಮೊಬೈಲ್ ಅಷ್ಟೇ ಅಲ್ಲ, ನಿಮ್ಮದೂ ದೂರ ಇರಲಿ.

ಇನ್ನು ತಮ್ಮ. ಅವನನ್ನೂ ಅವತ್ತು ಊಟಕ್ಕೆ ಕರೆಯಿರಿ. ಜಗಳ ಮುಂದುವರಿಸಲು ಅಲ್ಲ, ಒಂದು ಪ್ರಶ್ನೆ ಕೇಳಲು. ನ್ಯೂಜಿಲೆಂಡ್‌ನಲ್ಲಿ ಅವಳಿ ಸೋದರ ಸೋದರಿಯರ ಮೇಲೆ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಎಷ್ಟೋ ಜೋಡಿಗಳು ಒಂದೇ ಘಟನೆಯನ್ನು ‘ಅದು ಆದದ್ದು ನನಗೆ’ ಅಂತ ಇಬ್ಬರೂ ಹಕ್ಕು ಸಾಧಿಸಿದರು. ಊರಿನ ಬಸ್ಸಿನಲ್ಲಿ, ಮೊದಲ ಮಳೆ ಗಾಜಿಗೆ ಹೊಡೆಯುತ್ತಿದ್ದಾಗ, ಕಿಟಕಿ ಪಕ್ಕ ಯಾರು ಕೂತಿದ್ದರು ಅಂತ ತಮ್ಮನನ್ನು ಕೇಳಿ ನೋಡಿ. ಅವನು ‘ನಾನು’ ಅನ್ನುತ್ತಾನೆ. ನೀವು ಈ ಸಾಲು ಓದುವಾಗಲೇ ‘ನಾನು’ ಅಂದುಕೊಂಡಿರುತ್ತೀರಿ.